ರಕ್ತನಾಳ ನೋಡುವ ಕ್ಯಾಮೆರಾ: ಪೋಲರೈಸರ್ ಹಾಕಿದರೂ ಬಿಳಿ ಹೊಳಪು ಹೋಗುತ್ತಿಲ್ಲ

ಶಿರಸಿ_ಬೆಸುಗೆ:
ಮಗಳ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಅಂತ ಕೈಯ ರಕ್ತನಾಳ ತೋರಿಸುವ ಕ್ಯಾಮೆರಾ ಮಾಡುತ್ತಿದ್ದೇವೆ. ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಇನ್‌ಫ್ರಾರೆಡ್ ತಡೆಯುವ ಫಿಲ್ಟರ್ ಇಲ್ಲದ ನೋಐಆರ್ ಕ್ಯಾಮೆರಾ, ಲೆನ್ಸ್ ಸುತ್ತ 850 ನ್ಯಾನೋಮೀಟರ್ ಇನ್‌ಫ್ರಾರೆಡ್ ಎಲ್‌ಇಡಿ. ಕೈ ಹಿಡಿದರೆ ನಡುವೆ ಬಿಳಿ ಕಲೆ, ಅಂಚಲ್ಲಿ ಮಾತ್ರ ನಾಳ ಮಸುಕಾಗಿ ಕಾಣುತ್ತದೆ. ಚರ್ಮದ ಹೊಳಪು ತಪ್ಪಿಸಲು ಹಳೇ ಮಾನಿಟರ್ ಬಿಚ್ಚಿ ಪೋಲರೈಸರ್ ಹಾಳೆ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವಂಥದ್ದು) ತೆಗೆದು, ಒಂದು ತುಂಡು ಎಲ್‌ಇಡಿಗೆ, ಇನ್ನೊಂದನ್ನು ಅಡ್ಡ ತಿರುಗಿಸಿ ಲೆನ್ಸಿಗೆ ಅಂಟಿಸಿದೆ. ಕಣ್ಣಿಗೆ ಎರಡೂ ಸೇರಿ ಕಪ್ಪೇ ಕಪ್ಪು. ಕ್ಯಾಮೆರಾದಲ್ಲಿ ಹೊಳಪು ಹಾಗೇ ಇದೆ. 940ರ ಎಲ್‌ಇಡಿ ತರಿಸಲಾ?

ಕೋಡಿಬಾಗ_ಲೆನ್ಸ್:
940 ಬೇಡ ಮಾರಾಯ್ರೆ. ಅಲ್ಲಿ ಸಿಲಿಕಾನ್ ಸೆನ್ಸರಿಗೆ ಕಣ್ಣು ಮಂದ, 970ರ ಹತ್ತಿರ ಚರ್ಮದ ನೀರೂ ಬೆಳಕು ಹೀರುತ್ತದೆ.

ನನ್ನ ಅನುಮಾನ ಹಾಳೆ ಮೇಲೆ. ಕೋಣೆ ಕತ್ತಲು ಮಾಡಿ, ಬರೀ 850 ಹಚ್ಚಿ, ಅಡ್ಡ ಇಟ್ಟ ಎರಡೂ ಹಾಳೆ ಮೂಲಕ ಕ್ಯಾಮೆರಾದಲ್ಲಿ ಪೇಪರ್ ನೋಡಿ. ಅಕ್ಷರ ಕಂಡರೆ ಅಲ್ಲಿಗೆ ಮುಗಿಯಿತು. ಮಾನಿಟರಿನ ಹಾಳೆ ಕಣ್ಣಿಗೆ ಕಾಣುವ ಬೆಳಕಿಗಾಗಿ ಮಾಡಿದ್ದು, 850ರಲ್ಲಿ ಹೆಚ್ಚುಕಮ್ಮಿ ಬರೀ ಪ್ಲಾಸ್ಟಿಕ್. ಇನ್‌ಫ್ರಾರೆಡ್‌ಗೇ ಅಂತ ಬರುವ ಪೋಲರೈಸರ್ ದುಬಾರಿ, ಶಾಲೆಯ ಕೆಲಸಕ್ಕೆ ಅಷ್ಟು ಸುರಿಯಬೇಡಿ.

ದೀಪದ ಜಾಗ ಬದಲಿಸಿ. ದೇವಿಮನೆ ಘಟ್ಟದ ಮಂಜಲ್ಲಿ ಹೈಬೀಮ್ ಹಾಕಿದರೆ ಎದುರಿಗೆ ಬಿಳಿ ಗೋಡೆ ಬರುತ್ತದಲ್ವಾ, ಲೆನ್ಸ್ ಪಕ್ಕದ ದೀಪವೂ ಅದೇ ಮಾಡುತ್ತದೆ. ಎಲ್‌ಇಡಿಗಳನ್ನು ಎರಡೂ ಬದಿಗೆ ದೂರ ಸರಿಸಿ ಓರೆಯಾಗಿ ಹಾಯಿಸಿ, ಮುಂದೆ ಟ್ರೇಸಿಂಗ್ ಪೇಪರ್ ಇಡಿ. ಆಗ ಚರ್ಮದ ಮೇಲಿಂದಲೇ ಪುಟಿದು ಬರುವ ಬೆಳಕಿಗಿಂತ, ಒಳಗೆ ಹೋಗಿ ಚದುರಿ ಹೊರಬಂದ ಬೆಳಕು ಜಾಸ್ತಿ ಸಿಗುತ್ತದೆ. ದಾರಿಯಲ್ಲಿ ರಕ್ತ ಹೀರಿಕೊಂಡ ಕಡೆ ಕಪ್ಪು ಗೆರೆ.

ಎಕ್ಸ್‌ಪೋಶರ್ ಆಟೋದಲ್ಲಿ ಬಿಡಬೇಡಿ. ಓಪನ್‌ಸಿವಿ ತಂತ್ರಾಂಶದ ಕ್ಲಾಹೆಯನ್ನು (ಚಿತ್ರದ ಕಪ್ಪು-ಬಿಳುಪು ವ್ಯತ್ಯಾಸ ಎತ್ತಿ ತೋರಿಸುವ ವಿಧಾನ) ಕೊನೆಗೆ ಹಾಕಿ. ಉರಿದು ಬಿಳಿಯಾದ ಜಾಗದಿಂದ ಅದು ಏನನ್ನೂ ಹೊರತೆಗೆಯುವುದಿಲ್ಲ. ಮತ್ತೆ, ಮಗಳು ಎಲ್‌ಇಡಿಯನ್ನು ಹತ್ತಿರದಿಂದ ದಿಟ್ಟಿಸದಂತೆ ನೋಡಿಕೊಳ್ಳಿ, ಕಾಣದ ಬೆಳಕಿಗೆ ಪಾಪೆ ಕಿರಿದಾಗುವುದಿಲ್ಲ.

ಕುಮಟಾ_೫೫೫:
ಇದರಲ್ಲಿ ಮೂಳೆಯೂ ಕಾಣುತ್ತದಾ?

ಕೋಡಿಬಾಗ_ಲೆನ್ಸ್:
ಇಲ್ಲ. ಬೆರಳಿಗೆ ಮೊಬೈಲ್ ಟಾರ್ಚ್ ಒತ್ತಿ ನೋಡಿ, ಬೆರಳೆಲ್ಲ ಕೆಂಪು, ಮೂಳೆಯ ನೆರಳೇ ಇಲ್ಲ. ಕೆಂಪು ಬೆಳಕು ದಾಟಿ ಬರುತ್ತದೆ, ಆದರೆ ಒಳಗೆ ಚದುರಿ ದಿಕ್ಕು ಕಳೆದುಕೊಂಡಿರುತ್ತದೆ. ನಾಳ ಕಾಣುವುದು ಅದು ಚರ್ಮದ ಕೆಳಗೆ ಕೆಲವೇ ಮಿಲಿಮೀಟರಿನಲ್ಲಿ ಇರುವುದಕ್ಕೆ.

ಶಿರಸಿ_ಬೆಸುಗೆ:
ಹಾಳೆ ಮೂಲಕ ಪೇಪರಿನ ಹೆಡ್‌ಲೈನ್ ಸಲೀಸಾಗಿ ಓದಲು ಬಂತು! ಹಾಳೆ ಕಿತ್ತು ದೀಪ ಬದಿಗೆ ಹಾಕಿದೆ, ಮಣಿಕಟ್ಟಿನಿಂದ ಬೆರಳ ಬುಡದವರೆಗೆ ಕವಲು ಕವಲಾಗಿ ಬಂತು. ಅಪ್ಪಯ್ಯನ ಕೈಯಲ್ಲಿ ಮಾತ್ರ ಏನೂ ಇಲ್ಲ. ಇಲ್ಲಿ ಮಳೆ, ಚಳಿ ಬೇರೆ.

ಕೋಡಿಬಾಗ_ಲೆನ್ಸ್:
ಚಳಿಗೆ ನಾಳ ಕುಗ್ಗಿರುತ್ತದೆ. ಕೈಯನ್ನು ಸ್ವಲ್ಪ ಹೊತ್ತು ಬಿಸಿನೀರಲ್ಲಿ ಇಟ್ಟು, ಕೆಳಗೆ ಜೋತು ಬಿಟ್ಟು ಆಮೇಲೆ ಹಿಡಿಯಲಿ. ಮೇಜಿಗೆ ಒತ್ತಬಾರದು, ಒತ್ತಿದರೆ ರಕ್ತ ಸರಿದುಹೋಗುತ್ತದೆ. ಅಷ್ಟಾದರೂ ಬರದಿದ್ದರೆ 760ರ ಎಲ್‌ಇಡಿ ನೋಡಿ, ಆಮ್ಲಜನಕ ಬಿಟ್ಟುಕೊಟ್ಟ ರಕ್ತ ಅಲ್ಲಿ 850ಕ್ಕಿಂತ ಜಾಸ್ತಿ ಹೀರುತ್ತದೆ. ಪ್ರದರ್ಶನದ ದಿನ ಕಿಟಕಿ ಪಕ್ಕದ ಮೇಜು ಮಾತ್ರ ತಗೊಳ್ಳಬೇಡಿ, ಬಿಸಿಲಲ್ಲೂ ಬೇಕಾದಷ್ಟು ಇನ್‌ಫ್ರಾರೆಡ್ ಇದೆ.