‘ಸಾಂತ್ವನ’ ಬೇಡ ಅಂತ ಆಯ್ತು. ‘ಒಟ್ಟಿಗೆ ಕಲಿಯುವುದಕ್ಕೆ’ ಏನೆನ್ನೋಣ?

ನಮಸ್ಕಾರ. ಕಾಸರಗೋಡಿನ ಕನ್ನಡ ಮನೆಗಳಿಗೆ ಹೋಗುವ ವಿದ್ಯಾರ್ಥಿಗಳಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಎಂಬಿಬಿಎಸ್, ನರ್ಸಿಂಗ್, ಫಿಸಿಯೋಥೆರಪಿ, ಸೋಶಿಯಲ್ ವರ್ಕ್ ಓದುವವರು ಒಂದೇ ಜೀಪಿನಲ್ಲಿ ಹೋಗಿ, ಕೊನೆಗಾಲದಲ್ಲಿರುವವರನ್ನು ನೋಡಿ ಬರುತ್ತಾರೆ. ಪಾಠ ಇಂಗ್ಲಿಷಿನಲ್ಲಿ, ಕಾಗದಪತ್ರ ಮಲಯಾಳದಲ್ಲಿ, ರೋಗಿಯ ಮಾತು ಕನ್ನಡ ಇಲ್ಲವೇ ತುಳು. ಪದಗಳ ತಲೆಬಿಸಿ ಶುರುವಾಗುವುದೇ ಅಲ್ಲಿ.

ಪಾಲಿಯೇಟಿವ್ ಕೇರಿಗೆ, ಅಂದರೆ ಪೂರ್ತಿ ಗುಣವಾಗದ ಕಾಯಿಲೆಯವರ ನೋವು, ನರಳಾಟ ಕಡಿಮೆ ಮಾಡುವ ಆರೈಕೆಗೆ, ಮಲಯಾಳದಲ್ಲಿ ‘ಸಾಂತ್ವನ ಪರಿಚರಣ’ ಎನ್ನುತ್ತಾರೆ. ಕೇರಳ 2008ರಲ್ಲೇ ಇದಕ್ಕೊಂದು ನೀತಿ ಮಾಡಿತು, ಪಂಚಾಯತುಗಳು ಮನೆಗೇ ನರ್ಸ್ ಕಳಿಸುತ್ತವೆ, ಹಾಗಾಗಿ ಅಲ್ಲಿ ಆ ಪದ ಗಟ್ಟಿಯಾಗಿ ಕೂತಿದೆ. ಕನ್ನಡಕ್ಕೆ ಹಾಗೇ ಎತ್ತಿಕೊಂಡರೆ ಮಾತ್ರ ಕಷ್ಟ. ನಮಗೆ ಸಾಂತ್ವನ ಎಂದರೆ ಸಮಾಧಾನದ ಮಾತು, ಅಷ್ಟೇ. ಕರ್ನಾಟಕದಲ್ಲಿ ಅದು ತೊಂದರೆಯಲ್ಲಿರುವ ಹೆಂಗಸರ ಸಹಾಯ ಕೇಂದ್ರದ ಹೆಸರು ಕೂಡ. ಇಲ್ಲಿಯ ಕೆಲಸವೋ ನೋವಿಗೆ ಮಾರ್ಫಿನ್ ಕೊಡುವುದು, ಹುಣ್ಣು ತೊಳೆಯುವುದು, ಮೂತ್ರದ ಕ್ಯಾಥೆಟರ್ ನಳಿಗೆ ಬದಲಿಸುವುದು. ಬರೀ ಸಮಾಧಾನ ಅಲ್ಲವಲ್ಲ!

ಪುಸ್ತಕದ ‘ಉಪಶಾಮಕ ಆರೈಕೆ’ ಯಾರ ಬಾಯಲ್ಲೂ ಇಲ್ಲ. ‘ಅಂತ್ಯಕಾಲೀನ’ ಎಂದರೆ ಅಂತ್ಯಕ್ರಿಯೆಯ ವಾಸನೆ ಬರುತ್ತದೆ. ಅದೂ ಅಲ್ಲದೆ, ಪಾಲಿಯೇಟಿವ್ ಎಲ್ಲವೂ ಕೊನೆಗಾಲದ್ದಲ್ಲ. ಎಂಡೋಸಲ್ಫಾನ್ ಕೀಟನಾಶಕದಿಂದ ನರಳುತ್ತಿರುವವರಿಗೆ, ಲಕ್ವ ಹೊಡೆದು ಹಾಸಿಗೆ ಹಿಡಿದವರಿಗೆ ವರ್ಷಗಟ್ಟಲೆ ಈ ಆರೈಕೆ ಬೇಕಾಗುತ್ತದೆ. ಮನೆಯವರು ಹೇಗೂ ‘ಪಾಲಿಯೇಟಿವ್‌ನವರು ಬಂದ್ರು’ ಅಂತಲೇ ಹೇಳುತ್ತಾರೆ. ನಾನೂ ಅದನ್ನೇ ಇಟ್ಟುಕೊಂಡೆ, ಕೊನೆಯ ಕೆಲವು ದಿನ-ವಾರಗಳಿಗೆ ಮಾತ್ರ ‘ಕೊನೆಗಾಲದ ಆರೈಕೆ’. ಇದರಲ್ಲಿ ತಕರಾರಿದ್ದರೆ ಹೇಳಿ, ಆದರೆ ನನಗೆ ಸಾಕೆನಿಸಿದೆ.

ಸಿಕ್ಕಿಬಿದ್ದಿರುವುದು ‘ಇಂಟರ್‌ಪ್ರೊಫೆಷನಲ್ ಎಜುಕೇಶನ್’ ಹತ್ತಿರ, ಅಂದರೆ ಜೀಪಿನಲ್ಲಿ ಹೋಗುವ ಈ ಬೇರೆ ಬೇರೆ ವೃತ್ತಿಯವರು ಒಟ್ಟಿಗೆ ಕಲಿಯುವುದು. ‘ಅಂತರ್‌ವೃತ್ತಿಪರ ಶಿಕ್ಷಣ’ ಎಂದು ಬರೆದರೆ ಬರೆದವನೇ ಇನ್ನೊಮ್ಮೆ ಓದಬೇಕು. ‘ಸಹಶಿಕ್ಷಣ’ವಂತೂ ಹುಡುಗ ಹುಡುಗಿಯರು ಒಂದೇ ಶಾಲೆಯಲ್ಲಿ ಕೂರುವುದಕ್ಕೆ ಹೋಗಿಬಿಟ್ಟಿದೆ. ‘ಒಟ್ಟುಕಲಿಕೆ’ ನಮ್ಮ ಕಡೆಯ ಕಿವಿಗೆ ಹಿತ, ಆದರೆ ಅರ್ಧ ಅರ್ಥ ಮಾತ್ರ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಇದನ್ನು ವಿವರಿಸಿದ್ದು ಹೀಗೆ: ಎರಡು ಅಥವಾ ಹೆಚ್ಚು ವೃತ್ತಿಗಳವರು ಒಬ್ಬರ ಬಗ್ಗೆ ಒಬ್ಬರು, ಒಬ್ಬರಿಂದ ಒಬ್ಬರು, ಒಬ್ಬರ ಜೊತೆ ಒಬ್ಬರು ಕಲಿಯುವುದು. ಒಂದೇ ಹಾಲಿನಲ್ಲಿ ಕೂತು ಒಂದೇ ಭಾಷಣ ಕೇಳಿದರೆ ‘ಜೊತೆ’ ಆಯಿತು, ‘ಇಂದ’ ಆಗಲಿಲ್ಲ.

ಕೈಪಿಡಿಯಲ್ಲಿ ಹಾಕಿದ ಉದಾಹರಣೆ ಇದು. ಕ್ಯಾನ್ಸರ್ ರೋಗಿಗೆ ಬಾಯಿಯಿಂದ ಮಾರ್ಫಿನ್ ಶುರುವಾಗಿದೆ. ಎಂಬಿಬಿಎಸ್ ಹುಡುಗ ನೋವು ಹತ್ತರಲ್ಲಿ ಎಷ್ಟು ಅಂತ ಕೇಳಿ ಬರೆದುಕೊಂಡ. ನರ್ಸಿಂಗ್ ಹುಡುಗಿ ಕೇಳಿದ್ದು, ‘ಅಜ್ಜಾ, ಹೊರಗೆ ಹೋಗಿ ಎಷ್ಟು ದಿನ ಆಯ್ತು?’ ಮಾರ್ಫಿನ್ ತಗೊಂಡವರಿಗೆ ಹೆಚ್ಚುಕಡಿಮೆ ಎಲ್ಲರಿಗೂ ಮಲಬದ್ಧತೆ ಆಗುತ್ತದೆ, ಅದಕ್ಕೆ ಮೊದಲ ದಿನದಿಂದಲೇ ಮದ್ದು ಕೊಡಬೇಕು. ಸೋಶಿಯಲ್ ವರ್ಕ್‌ನವಳು ಅಡುಗೆಮನೆಗೆ ಹೋಗಿ ಮಗಳ ಹತ್ತಿರ ಮಾತಾಡಿದಾಗ ಗೊತ್ತಾಯಿತು, ‘ಅದು ಅಮಲಿನ ಮದ್ದು’ ಅಂತ ಹೆದರಿ ಆಕೆ ಅರ್ಧ ಡೋಸೇ ಕೊಡುತ್ತಿದ್ದಳು. ನೋವಿನ ಅಂಕ ಯಾಕೆ ಇಳಿಯಲಿಲ್ಲ ಎಂಬುದು ಹುಡುಗನಿಗೆ ಆಮೇಲೆ ಹೊಳೆದದ್ದು. ಈ ‘ಇಂದ’ ಪದದೊಳಗೆ ಬರಬೇಕು ಎಂಬುದೇ ನನ್ನ ಹಟ.

ಗೆಳೆಯರೊಬ್ಬರು ‘ಮುಯ್ಯಿಕಲಿಕೆ’ ಎಂದರು. ಗದ್ದೆ ಕೆಲಸದ ಮುಯ್ಯಾಳಿನ ಹಾಗೆ, ನೀನು ನನಗೆ, ನಾನು ನಿನಗೆ. ಚೆನ್ನಾಗಿದೆ, ಆದರೆ ಮುಯ್ಯಿ ತೀರಿಸಿಕೊಳ್ಳುವುದು ಎಂದರೆ ಸೇಡೂ ಹೌದಲ್ವಾ. ಡಾಕ್ಟರು-ನರ್ಸುಗಳ ನಡುವೆ ಅದು ಮೊದಲೇ ಸಾಕಷ್ಟಿದೆ!

ಸದ್ಯಕ್ಕೆ ‘ಒಬ್ಬರಿಂದೊಬ್ಬರ ಕಲಿಕೆ’ ಎಂದು ಬರೆದಿಟ್ಟಿದ್ದೇನೆ. ತಲೆಬರಹಕ್ಕೆ ಉದ್ದ ಜಾಸ್ತಿ. ನಮ್ಮ ಹಾಗೆ ಗಡಿಯಾಚೆ ಇರುವ ಹೊಸೂರು, ಸೊಲ್ಲಾಪುರ, ಅಕ್ಕಲಕೋಟೆ ಕಡೆಯ ಕನ್ನಡಿಗರಲ್ಲಿ ಕೊಟ್ಟು ತಗೊಂಡು ಕೆಲಸ ಕಲಿಯುವುದಕ್ಕೆ ಬೇರೆ ಮಾತಿದೆಯೇ? ನೇಕಾರರಲ್ಲಿ, ಭಜನೆ ತಂಡಗಳಲ್ಲಿ ಏನಾದರೂ ಕೇಳಿದ್ದೀರಾ?