ನೆಟ್ಟಗೆ ಕುಳಿತು ಓಡಿಸುವ ಸೈಕಲ್ಲಿಗೆ ಯಾವ ಚರ್ಮದ ಸೀಟು? ಅನುಭವಸ್ಥರು ಹೇಳಿ

ಕುವೆಂಪುನಗರ, ಮೈಸೂರು (ಪ್ರಶ್ನೆ): ನನ್ನ ಸೈಕಲ್ಲಿನ ಹ್ಯಾಂಡಲ್ ಸೀಟಿಗಿಂತ ಎತ್ತರದಲ್ಲಿದೆ. ಈಗಿರುವ ಜೆಲ್ ಸೀಟಿನಲ್ಲಿ ಅರ್ಧ ಗಂಟೆಗೇ ತೊಡೆಸಂದಿ ಜೋಮು ಹಿಡಿಯುತ್ತದೆ. ಇಂಗ್ಲೆಂಡಿನ ಬ್ರೂಕ್ಸ್ ಕಂಪನಿಯ ಚರ್ಮದ ಸೀಟುಗಳಲ್ಲಿ ಬಿ17 ಕೊಳ್ಳಲೇ, ಬಿ67 ಕೊಳ್ಳಲೇ? ನನಗೆ 44 ವರ್ಷ, ತೂಕ 58 ಕಿಲೋ. ಸೀರೆ ಉಟ್ಟೂ ಓಡಿಸುತ್ತೇನೆ.

ರಾಜಾಜಿನಗರ: ಬಿ67 ಬಿಟ್ಟು ಬೇರೆ ಮಾತೇ ಬೇಡ. ಬೆನ್ನು ನೆಟ್ಟಗಿದ್ದರೆ ಮೈಭಾರವೆಲ್ಲ ಸೀಟಿನ ಮೇಲೆಯೇ, ಕೈಗಳು ಏನನ್ನೂ ಹೊರುವುದಿಲ್ಲ. ಬಿ17ರ ಅಗಲ ಸುಮಾರು 17 ಸೆಂಟಿಮೀಟರ್. ಅದು ಮುಂದಕ್ಕೆ ಬಾಗಿ ತುಳಿಯುವವರದು. ಬಿ67ರದು 20 ದಾಟುತ್ತದೆ, ಹಿಂದೆ ಎರಡು ಸ್ಪ್ರಿಂಗ್ ಬೇರೆ. ನಾನು ಇಂಗ್ಲೆಂಡಿನಿಂದ ತರಿಸಿಕೊಂಡೆ. ಸೀಟಿಗೆ 9,700, ಕೊರಿಯರ್‌ಗೆ 1,850, ಕಸ್ಟಮ್ಸ್ ಸುಂಕ 4,310. ಸಾಲದೆಂದು ಕೊರಿಯರ್‌ನವರು ‘ನಿರ್ವಹಣಾ ಶುಲ್ಕ’ ಎಂದು 590 ಕಿತ್ತುಕೊಂಡರು. ಒಟ್ಟು 16,450. ರಸೀದಿಗಳನ್ನೆಲ್ಲ ಇಟ್ಟುಕೊಂಡಿದ್ದೇನೆ. ಮೊದಮೊದಲು ಮರದ ಹಲಗೆಯ ಮೇಲೆ ಕುಳಿತಂತಿತ್ತು, ಮನೆಯವರು ಬೈದರು. ಆಮೇಲೆ ಮೂಳೆ ಊರುವ ಕಡೆ ಎರಡು ತಗ್ಗು ಬಿದ್ದವು. ಈಗ ಯಾರಿಗೂ ಕೂರಲು ಕೊಡುವುದಿಲ್ಲ.

ತೀರ್ಥಹಳ್ಳಿ: ಬೆಂಗಳೂರಿನವರಿಗೆ ಹೇಳುವುದು ಸುಲಭ. ನಮ್ಮಲ್ಲಿ ಜೂನ್ ಬಂತೆಂದರೆ ಕೊಟ್ಟಿಗೆಯ ಒಳಗಿಟ್ಟರೂ ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ನನ್ನದೂ ಬಿ67. ಬೂಷ್ಟು ಒರೆಸಿ ಒಣಗಿಸಿಕೊಡಿ ಎಂದು ಅಂಗಡಿಗೆ ಕೊಟ್ಟರೆ ಅಲ್ಲಿಯವರು ಕೊಬ್ಬರಿ ಎಣ್ಣೆ ಸುರಿದು ಇಡೀ ರಾತ್ರಿ ನೆನೆಸಿಟ್ಟರು. ಮಾರನೆಯ ವಾರವೇ ನಡುವೆ ಜೋತುಬಿತ್ತು, ಅಂಚುಗಳು ಹೊರಕ್ಕೆ ಹರಡಿ ತೊಡೆ ತರಚಿದವು. ಸೀಟಿನ ಮೂತಿಯ (ಮುಂತುದಿಯ) ಕೆಳಗೆ ಚರ್ಮ ಬಿಗಿಸಲೆಂದು ಇರುವ ನಟ್ಟನ್ನು ಕೊನೆಯವರೆಗೂ ತಿರುಗಿಸಿದೆ, ಏರಲಿಲ್ಲ. ಹದಿಮೂರು ಸಾವಿರದ ಸೀಟನ್ನು 2,000ಕ್ಕೆ ಮಾರಿದೆ. ಈಗ ಬ್ರೂಕ್ಸಿನದೇ ಕ್ಯಾಂಬಿಯಂ ಸಿ17. ರಬ್ಬರು, ಮೇಲೆ ಹತ್ತಿಬಟ್ಟೆ. ಮಳೆಯಲ್ಲಿ ನೆನೆದರೆ ಒರೆಸಿ ಹತ್ತುವುದು, ಅಷ್ಟೇ. ಚರ್ಮದ ಸಹವಾಸ ಬೇಡವೇ ಬೇಡ.

ರಾಜಾಜಿನಗರ: ಎಣ್ಣೆಯಲ್ಲಿ ನೆನೆಸಿದರೆ ಯಾವ ಚರ್ಮ ಉಳಿಯುತ್ತದೆ ಸ್ವಾಮಿ? ತಪ್ಪು ಅಂಗಡಿಯವರದು, ಸೀಟಿನದಲ್ಲ. ಪ್ರೂಫೈಡ್ ಎಂಬ ಮುಲಾಮನ್ನು ತೆಳುವಾಗಿ ಹಚ್ಚಿ ಉಜ್ಜಬೇಕು. ನಟ್ಟನ್ನು ಮುಟ್ಟಲೇಬಾರದು. ತೀರಾ ಸಡಿಲವಾದರೆ ಕಾಲು ಸುತ್ತು, ಅದಕ್ಕಿಂತ ಹೆಚ್ಚಲ್ಲ. ಕೊನೆಯವರೆಗೂ ತಿರುಗಿಸಿದ್ದರಿಂದಲೇ ನಿಮ್ಮದು ಸತ್ತಿತು.

ತೀರ್ಥಹಳ್ಳಿ: ಜೋತುಬಿದ್ದ ಮೇಲೆ ತಿರುಗಿಸಿದ್ದು. ಓದಿ ಉತ್ತರ ಬರೆಯಿರಿ.

ಸಾಧನಕೇರಿ, ಧಾರವಾಡ: ನಮ್ಮ ತಂದೆಯವರ ರ‍್ಯಾಲೆ ಸೈಕಲ್ಲಿನ ಸೀಟಿಗೆ ಯಾವ ಪ್ರೂಫೈಡೂ ಇರಲಿಲ್ಲ. ದೀಪಾವಳಿಗೊಮ್ಮೆ ಬಟ್ಟೆಯ ತುದಿಗೆ ನಾಲ್ಕು ಹನಿ ಹರಳೆಣ್ಣೆ, ಅಷ್ಟೇ. ಅವರು ನಿವೃತ್ತರಾಗುವ ತನಕ ಅದೇ ಸೀಟು. ಆ ನೆನಪಿಗೆಂದೇ ನಾನು ಬ್ರೂಕ್ಸಿನ ಬಿ66 ಕೊಂಡೆ. ಬಂದ ಮೇಲೆ ನೋಡಿದರೆ ಅದರ ಅಡಿಯ ಕಂಬಿಗಳು ಜೋಡಿ ಜೋಡಿ. ಈಗಿನ ಸೈಕಲ್ಲಿನ ಕ್ಲ್ಯಾಂಪು ಹಿಡಿಯುವುದೇ ಒಂಟಿ ಕಂಬಿಯನ್ನು. ಮಾರಿದವರು ಒಂದು ಮಾತು ಹೇಳಲಿಲ್ಲ. ಗುಜರಿಯಲ್ಲಿ ಹಳೆಯ ಕ್ಲ್ಯಾಂಪು ಹುಡುಕಿ 150 ಕೊಟ್ಟೆ, ಪೈಪಿಗೆ ಹೊಂದಿಸಲು ಲೇತ್‌ನವರಿಗೆ 400. ಮೇಲಾಗಿ ಚರ್ಮ ಹಿಂದಿನಷ್ಟು ದಪ್ಪವಿಲ್ಲ. ಬ್ರೂಕ್ಸ್ ಕಂಪನಿ ಇಟಲಿಯವರ ಕೈಗೆ ಹೋದ ಮೇಲೆ ಎಲ್ಲ ಕೆಟ್ಟಿತು.

ಉಟ್ರೆಕ್ಟ್, ನೆದರ್ಲೆಂಡ್ಸ್: ಕೇಳಿದವರು ಹೆಂಗಸು, ಸೀರೆ ಎಂದೂ ಬರೆದಿದ್ದಾರೆ; ಇಲ್ಲಿ ಎಲ್ಲರೂ ತಂತಮ್ಮ ರಸೀದಿ ಓದುತ್ತಿದ್ದೀರಿ. ಬಿ67ರಲ್ಲೇ ‘ಎಸ್’ ಎಂದು ಬರುತ್ತದೆ, ಅದರ ಮೂತಿ ಗಿಡ್ಡ. ಲಂಗ, ಸೀರೆಗೆ ಸಿಕ್ಕಿಕೊಳ್ಳುವುದು ಕಡಿಮೆ. ನಾನು ಇಲ್ಲಿಗೆ ಬಂದ ಹೊಸತರಲ್ಲಿ ಕೊಂಡ ಹಳೆಯ ಡಚ್ ಸೈಕಲ್ಲಿನಲ್ಲಿ ಲೆಪ್ಪರ್ ಎಂಬ ಕಂಪನಿಯ ಚರ್ಮದ ಸೀಟಿತ್ತು, ಹಿಂದಿನ ಒಡತಿಯ ಮೈಗೆ ಒಗ್ಗಿದ್ದು. ಅದು ನನಗೆ ಕೊನೆಗೂ ಒಗ್ಗಲಿಲ್ಲ. ಅದಕ್ಕೇ ಬಳಸಿದ ಚರ್ಮದ ಸೀಟು ಅಗ್ಗಕ್ಕೆ ಸಿಕ್ಕರೂ ಬೇಡ ಎನ್ನುತ್ತೇನೆ. ನನ್ನ ತೂಕವೂ ಅರುವತ್ತರ ಒಳಗೆ. ಸ್ಪ್ರಿಂಗ್ ಅಷ್ಟೇನೂ ಕುಗ್ಗುವುದಿಲ್ಲ, ದೊಡ್ಡ ಗುಂಡಿಯಲ್ಲಿ ಮಾತ್ರ ಅದರ ಉಪಕಾರ ತಿಳಿಯುತ್ತದೆ. ಮೂತಿಯನ್ನು ಒಂದು ಎಳೆ ಮೇಲಕ್ಕೆ ಎತ್ತಿ ಕೂರಿಸಿ, ಇಲ್ಲದಿದ್ದರೆ ಮುಂದಕ್ಕೆ ಜಾರಿ ಜಾರಿ ಜೋಮು ಹೋಗುವುದೇ ಇಲ್ಲ.

ಧಾರವಾಡದ ಹಿರಿಯರೇ, ಬ್ರೂಕ್ಸನ್ನು ಇಟಲಿಯ ಸೆಲ್ಲೆ ರಾಯಲ್ ಕಂಪನಿ ಕೊಂಡದ್ದು 2002ರಲ್ಲಿ, ನಿಜ. ಆದರೆ ಚರ್ಮದ ಸೀಟು ತಯಾರಾಗುವುದು ಬರ್ಮಿಂಗ್‌ಹ್ಯಾಮ್ ಪಕ್ಕದ ಸ್ಮೆಥಿಕ್‌ನಲ್ಲೇ.

ಸಾಧನಕೇರಿ, ಧಾರವಾಡ: ತಾಯಿ, ತಯಾರಾಗುವ ಊರನ್ನು ನಾನು ಕೇಳಲಿಲ್ಲ. ಎರಡೂ ಸೀಟು ನನ್ನ ಮನೆಯಲ್ಲಿವೆ, ಬೆರಳಲ್ಲಿ ಹಿಡಿದು ನೋಡಿಯೇ ಹೇಳಿದ್ದು.

ಹಾಸನ: ಪ್ರೂಫೈಡಿನಲ್ಲಿ ಪ್ರಾಣಿಯ ಕೊಬ್ಬು ಇದೆ. ಹಚ್ಚಿ ಎನ್ನುವವರು ಅದನ್ನೂ ಹೇಳಬೇಕು. ನಮ್ಮ ಮನೆಯಲ್ಲಿ ಡಬ್ಬಿ ಒಳಗೆ ಬಿಡಲಿಲ್ಲ, ನಾನು ಜೇನುಮೇಣದಲ್ಲೇ ನಡೆಸುತ್ತಿದ್ದೇನೆ.

ರಾಜಾಜಿನಗರ: ಚರ್ಮದ ಸೀಟನ್ನು ಒಳಗೆ ಬಿಟ್ಟರಲ್ಲ! ಬರೀ ಜೇನುಮೇಣ ಒಳಗಿಳಿಯುವುದಿಲ್ಲ, ಮೇಲೆಯೇ ಕೂರುತ್ತದೆ. ಬಿಳಿ ಪಂಚೆಯಲ್ಲಿ ಕುಳಿತು ನೋಡಿ.

ಹಾಸನ: ಪಂಚೆ ಉಟ್ಟೇ ಓಡಿಸುವುದು. ಕಲೆಯಾಗಿಲ್ಲ. ನಿಮ್ಮ 16,450ರಲ್ಲಿ ಮಳೆಗೆ ಹೊದಿಸುವ ಕವರು ಸೇರಿದೆಯೇ, ಅದು ಬೇರೆಯೇ?

ರಾಜಾಜಿನಗರ: ಬೇರೆ. 850.