ಸಿಲ್ವರ್ ಓಕ್ ಕಾಲುಗಳ ಮೇಜು ಓಲಾಡುತ್ತಿದೆ, ಒಂದು ಕಾಲು ಸೀಳಿದೆ: ಪರಿಹಾರವೇನು?

ಪ್ರಶ್ನೆ: ತೋಟದಮನೆ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಕೆಲಸಕ್ಕೆಂದು ಕಳೆದ ದಸರಾ ಹೊತ್ತಿಗೆ ಮನೆಯಲ್ಲೇ ಒಂದು ಮೇಜು ಮಾಡಿದೆ. ಮೇಲ್ಹಲಗೆ 1200 ಮಿ.ಮೀ. ಉದ್ದ, 600 ಮಿ.ಮೀ. ಅಗಲ, 25 ಮಿ.ಮೀ. ದಪ್ಪದ ಪ್ಲೈವುಡ್. ಕಾಲುಗಳು ನಮ್ಮ ತೋಟದಲ್ಲಿ ಗಾಳಿಗೆ ಬಿದ್ದ ಸಿಲ್ವರ್ ಓಕ್ ಮರದವು. ಮಳೆ ಹಿಡಿಯುವ ಮುನ್ನ ಅದನ್ನು ಮಿಲ್ಲಿನಲ್ಲಿ 50 ಮಿ.ಮೀ. ಚೌಕಕ್ಕೆ ಸೀಳಿಸಿ ಶೆಡ್ಡಿನ ಗೋಡೆಗೆ ಒರಗಿಸಿಟ್ಟಿದ್ದೆವು. ಆಮೇಲೆ ತೋಪಡಾ (ಮರ ಹೆರೆದು ನಯಮಾಡುವ ಉಪಕರಣ) ಹೊಡೆದು, ತಲೆಯಿಂದ ಪಾದದವರೆಗೆ ನಾಲ್ಕೂ ಮೈಯಲ್ಲಿ ಸಪೂರವಾಗುತ್ತ ಹೋಗುವಂತೆ, ಪಾದದಲ್ಲಿ 28 ಮಿ.ಮೀ. ಉಳಿಯುವಂತೆ ಮಾಡಿದೆ. ಈಗಿನ ಮೇಜುಗಳಲ್ಲಿ ಕಾಣುವ ಹಾಗೆ ಪ್ರತಿ ಕಾಲೂ ಮೂಲೆಯ ದಿಕ್ಕಿಗೆ 10 ಡಿಗ್ರಿ ಹೊರಕ್ಕೆ ವಾಲಿದೆ. ಜೋಡಣೆಗೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಓರೆಯ ಕಬ್ಬಿಣದ ಪ್ಲೇಟುಗಳನ್ನು ಬಳಸಿದ್ದೇನೆ. ಕಾಲಿನ ತಲೆಯ ನಡುವೆ ಇಳಿಸಿದ 8 ಮಿ.ಮೀ. ಹ್ಯಾಂಗರ್ ಬೋಲ್ಟ್ (ಎರಡೂ ತುದಿಯಲ್ಲಿ ಥ್ರೆಡ್ಡಿರುವ ಬೋಲ್ಟ್) ಆ ಪ್ಲೇಟಿಗೆ ತಿರುಗಿ ಕೂರುತ್ತದೆ.

ತೊಂದರೆ ಎರಡು. ಟೈಪ್ ಮಾಡುವಾಗ ಮಾನಿಟರ್ ನಡುಗುತ್ತದೆ. ಕಾಲುಗಳನ್ನು ತಿರುಗಿಸಿ ಬಿಗಿ ಮಾಡಿದರೆ ಸ್ವಲ್ಪ ದಿನ ಸುಮ್ಮನಿದ್ದು ಮತ್ತೆ ಸಡಿಲವಾಗುತ್ತದೆ. ಶಿವರಾತ್ರಿ ಕಳೆದ ಮೇಲೆ ಹಿಂದಿನ ಎಡಗಾಲಿನ ತಲೆಯಲ್ಲಿ, ಬೋಲ್ಟಿನಿಂದ ಆರಂಭವಾಗಿ ಕೆಳಕ್ಕೆ, ಉಗುರು ಇಳಿಯುವಷ್ಟು ಅಗಲದ ಸೀಳು ಕಾಣಿಸಿಕೊಂಡಿದೆ. ಕಾಲುಗಳನ್ನು ಇನ್ನೂ ದಪ್ಪ ಮಾಡಬೇಕೆ, ಅಥವಾ ಸಿಲ್ವರ್ ಬಿಟ್ಟು ತೇಗದಲ್ಲಿ ಮಾಡಬೇಕೆ ಎಂದು ತಿಳಿದವರು ದಯವಿಟ್ಟು ತಿಳಿಸಬೇಕು.

ಉತ್ತರ: ಉಳಿ–ಕೊಡತಿ, ಹಾಸನ

ಮರ ಬದಲಿಸುವ ಮುನ್ನ ಮೂರು ಸಂಗತಿ ನೋಡಿ ಹೇಳಿ. ಮೇಜು ಕುಂಟುತ್ತಿದೆಯೋ ಅಥವಾ ಓಲಾಡುತ್ತಿದೆಯೋ ಎಂಬುದು ಮೊದಲು ತಿಳಿಯಬೇಕು. ಪ್ರತಿ ಪಾದದ ಕೆಳಗೂ ಒಂದು ಕಾಗದದ ಚೂರು ಇಟ್ಟು ಎಳೆಯಿರಿ, ನಾಲ್ಕೂ ಬಿಗಿಯಾಗಿ ಸಿಕ್ಕಿಕೊಂಡಿದ್ದರೆ ಕುಂಟು ಇಲ್ಲವೆಂದು ಅರ್ಥ. ಎರಡನೆಯದಾಗಿ, ಇನ್ನೊಬ್ಬರಿಂದ ಮೇಜನ್ನು ಉದ್ದಕ್ಕೂ ಅಡ್ಡಕ್ಕೂ ಮೆಲ್ಲಗೆ ತಳ್ಳಿಸಿ, ತಾವು ಕೆಳಗೆ ಕುಳಿತು ಕಾಲು ಮತ್ತು ಪ್ಲೇಟಿನ ನಡುವಣ ಸಂದಿಗೆ ಬೆರಳಿಟ್ಟು, ಆಮೇಲೆ ಪ್ಲೇಟು ಮತ್ತು ಪ್ಲೈವುಡ್ಡಿನ ನಡುವೆ ಬೆರಳಿಟ್ಟು, ಚಲನೆ ಎಲ್ಲಿದೆ ಎಂದು ನೋಡಿ. ಮೂರನೆಯದು, ಸೀಳಿದ ಕಾಲಿನ ಪಾದದ ತುದಿಯಲ್ಲಿ ಬೆಳವಣಿಗೆಯ ಉಂಗುರಗಳ ನಡುಬಿಂದು ಕಾಣುತ್ತದೆಯೇ?

ತೋಟದಮನೆ, ಚಿಕ್ಕಮಗಳೂರು

ನಾಲ್ಕೂ ಪಾದಗಳಲ್ಲಿ ಕಾಗದ ಬಿಗಿಯಾಗಿಯೇ ನಿಂತಿತು. ಉದ್ದದ ದಿಕ್ಕಿಗೆ ತಳ್ಳಿದಾಗ ಓಲಾಟ ಹೆಚ್ಚು. ಪ್ಲೇಟುಗಳು ಪ್ಲೈವುಡ್ಡಿಗೆ ಗಟ್ಟಿಯಾಗಿ ಕಚ್ಚಿಕೊಂಡಿವೆ. ಕಾಲಿನ ತಲೆ ಮತ್ತು ಪ್ಲೇಟಿನ ನಡುವಿನ ಸಂದಿ ಮಾತ್ರ ತೆರೆದು ಮುಚ್ಚುವುದು ಬೆರಳಿಗೆ ತಿಳಿಯುತ್ತದೆ. ಸೀಳಿದ ಕಾಲಿನ ತುದಿಯಲ್ಲಿ ಉಂಗುರಗಳ ನಡುಬಿಂದು ಸ್ಪಷ್ಟವಾಗಿದೆ. ಉಳಿದ ಮೂರರಲ್ಲಿ ಬಾಗಿದ ಗೆರೆಗಳಷ್ಟೇ ಇವೆ.

ಉತ್ತರ: ಉಳಿ–ಕೊಡತಿ, ಹಾಸನ

ಹಾಗಾದರೆ ಓಲಾಟಕ್ಕೂ ಸೀಳಿಗೂ ಕಾರಣ ಬೇರೆ ಬೇರೆ, ಎರಡನ್ನೂ ಬೇರೆಯಾಗಿಯೇ ನೋಡುವುದು ಒಳ್ಳೆಯದು.

ಓಲಾಟದ ದೋಷ ಕಾಲಿನ ದಪ್ಪದಲ್ಲಿಲ್ಲ, ಕಾಲು ಮೇಲ್ಹಲಗೆಯನ್ನು ಸೇರುವ ಕಡೆ ಇದೆ. ತಮ್ಮ ಕಾಲು ಸುಮಾರು 720 ಮಿ.ಮೀ. ಎತ್ತರವಿದೆ ಎಂದುಕೊಳ್ಳೋಣ. ಮೇಜನ್ನು ಪಕ್ಕಕ್ಕೆ ತಳ್ಳಿದಾಗ ಕಾಲಿನ ತಲೆ ತನ್ನ ಒಂದು ಅಂಚಿನ ಮೇಲೆ ತಿರುಗಲು ನೋಡುತ್ತದೆ; ಅದನ್ನು ತಡೆಯುವುದು ನಡುವಿನ ಒಂದೇ ಬೋಲ್ಟ್, ಮತ್ತು ಆ ಬೋಲ್ಟಿನಿಂದ ಅಂಚಿಗೆ ಇರುವ ದೂರ 25 ಮಿ.ಮೀ. ಮಾತ್ರ. 720ನ್ನು 25ರಿಂದ ಭಾಗಿಸಿದರೆ, ಪಾದದಲ್ಲಿ ಬೀಳುವ ಒಂದು ಕಿಲೋ ಒತ್ತಡ ಬೋಲ್ಟಿನ ಬಳಿ ಹೆಚ್ಚುಕಡಿಮೆ 29 ಕಿಲೋ ಎಳೆತವಾಗುತ್ತದೆ ಎಂದು ತಿಳಿಯುತ್ತದೆ. ಅದರ ಮೇಲೆ, 10 ಡಿಗ್ರಿ ವಾಲಿಸಿರುವುದರಿಂದ ಪಾದವು ತಲೆಯಿಂದ ಸುಮಾರು 127 ಮಿ.ಮೀ. ಹೊರಗೆ ನಿಂತಿದೆ, ಯಾರೂ ತಳ್ಳದಿದ್ದಾಗಲೂ ಮೇಜಿನ ಭಾರವೇ ಆ ಸಂದನ್ನು ಬಿಚ್ಚಲು ನೋಡುತ್ತಿರುತ್ತದೆ. ಬೋಲ್ಟ್ ಕಚ್ಚಿರುವುದಾದರೂ ಮರದ ತುದಿಗೆ. ಎಳೆಗಳ ಉದ್ದಕ್ಕೆ ಇಳಿದ ಥ್ರೆಡ್ಡು ಎಳೆಗಳಿಗೆ ಅಡ್ಡವಾಗಿ ಇಳಿದದ್ದರಷ್ಟು ಹಿಡಿತ ಕೊಡುವುದಿಲ್ಲ, ಅದರಲ್ಲೂ ಸಿಲ್ವರ್‌ನಂತಹ ಹಗುರ ಮರದಲ್ಲಿ. ಆದ್ದರಿಂದ ಬಿಗಿ ಮಾಡಿದಷ್ಟೂ ಥ್ರೆಡ್ಡು ಮರವನ್ನು ಅರೆಯುತ್ತ ಹೋಗುತ್ತದೆ. ಇದೇ ಜೋಡಣೆಯಲ್ಲಿ ತೇಗದ ಕಾಲು ಹಾಕಿದರೆ ಓಲಾಟ ತಡವಾಗಿ ಬರಬಹುದು, ಬಾರದೆ ಇರುವುದಿಲ್ಲ. ಈ ಪ್ಲೇಟುಗಳು ಸಣ್ಣ ಟೀಪಾಯಿಗೆ ಸರಿ, 700 ಮಿ.ಮೀ. ದಾಟಿದ ಬರೆಯುವ ಮೇಜಿಗೆ ಅವನ್ನು ನಾನು ಯಾರಿಗೂ ಸೂಚಿಸುವುದಿಲ್ಲ.

ಪರಿಹಾರ ನಮ್ಮ ಹಳೆಯ ಮೇಜುಗಳಲ್ಲೇ ಇದೆ. ಕಾಲಿನಿಂದ ಕಾಲಿಗೆ, ಮೇಲ್ಹಲಗೆಯ ಕೆಳಗೆ, 90 ಮಿ.ಮೀ. ಅಗಲ ಮತ್ತು 25 ಮಿ.ಮೀ. ದಪ್ಪದ ಅಡ್ಡಪಟ್ಟಿಗಳನ್ನು ಸುತ್ತಲೂ ಕೊಡಬೇಕು. ಆಗ ತಿರುಗುವುದನ್ನು ತಡೆಯುವ ದೂರ 25ರ ಬದಲು 90 ಮಿ.ಮೀ. ಆಗಿ, 29 ಪಟ್ಟು ಇದ್ದ ಎಳೆತ 8 ಪಟ್ಟಿಗೆ ಇಳಿಯುತ್ತದೆ. ಪಟ್ಟಿಯ ತುದಿಯಲ್ಲಿ 12 ಮಿ.ಮೀ. ದಪ್ಪ, 30 ಮಿ.ಮೀ. ಉದ್ದದ ನಾಲಿಗೆ ಬಿಟ್ಟು, ಕಾಲಿನಲ್ಲಿ ಅದೇ ಅಳತೆಯ ತೂತು ತೆಗೆದು ಅಂಟಿನೊಂದಿಗೆ ಇಳಿಸಿ. ತೂತನ್ನು ಕಾಲಿನ ತಲೆಯವರೆಗೆ ಬಿಚ್ಚದೆ ಮೇಲೆ 15 ಮಿ.ಮೀ. ಗಟ್ಟಿ ಮರ ಉಳಿಸಿ, ಇಲ್ಲದಿದ್ದರೆ ಕೊಡತಿಯ ಪೆಟ್ಟಿಗೆ ತಲೆ ಒಡೆಯುತ್ತದೆ. ಪಕ್ಕದ ಎರಡು ನಾಲಿಗೆಗಳು ಕಾಲಿನೊಳಗೆ ಒಂದಕ್ಕೊಂದು ಎದುರಾಗುವುದರಿಂದ ಅವುಗಳ ತುದಿಗಳನ್ನು 45 ಡಿಗ್ರಿಗೆ ಓರೆಯಾಗಿ ಕತ್ತರಿಸಿಕೊಳ್ಳಬೇಕು.

ಆದರೆ ಮೂಲೆಯ ದಿಕ್ಕಿಗೆ ವಾಲಿದ ಕಾಲಿಗೆ ಅಡ್ಡಪಟ್ಟಿ ಕೂಡಿಸುವುದೆಂದರೆ ಪ್ರತಿ ಸಂದಿನಲ್ಲೂ ಎರಡೆರಡು ಓರೆ ಬರುತ್ತದೆ. ನುರಿತವರೂ ಅಲ್ಲಿ ಬೆವರುತ್ತಾರೆ. ಕಾಲುಗಳನ್ನು ಮೇಜಿನ ಉದ್ದದ ದಿಕ್ಕಿಗೆ ಮಾತ್ರ ವಾಲಿಸಿ. ನೋಟ ಅದೇ ಉಳಿಯುತ್ತದೆ, ಕೆಲಸ ಅರ್ಧಕ್ಕಿಳಿಯುತ್ತದೆ. ಆಗ ಉದ್ದ ಪಟ್ಟಿಗಳ ತುದಿಗಳನ್ನಷ್ಟೇ 10 ಡಿಗ್ರಿ ಓರೆಗೆ ಕತ್ತರಿಸಿದರೆ ಸಾಕು. ಗಿಡ್ಡ ಪಟ್ಟಿಗಳ ತುದಿಗಳು ನೇರವಾಗಿಯೇ ಇರುತ್ತವೆ, ಆದರೆ ಅವು ಕಾಲಿನೊಂದಿಗೆ ವಾಲಿ ನಿಲ್ಲುವುದರಿಂದ ಅವುಗಳ ಮೇಲಂಚಿಗೆ 10 ಡಿಗ್ರಿ ಓರೆ ಕೊಟ್ಟು ತೋಪಡಾ ಹೊಡೆಯಬೇಕು. ಇದನ್ನು ಮರೆತರೆ ಮೇಲ್ಹಲಗೆ ಒಂದು ಅಂಚಿನ ಮೇಲಷ್ಟೇ ಕೂರುತ್ತದೆ. ಕಾಲಿನ ತಲೆ ಮತ್ತು ಪಾದ ಎರಡಕ್ಕೂ ಅದೇ ಓರೆ. ಲೆಕ್ಕ ಮಾಡುತ್ತ ಕೂರುವ ಬದಲು ಒಂದು ಹಳೆಯ ಪ್ಲೈವುಡ್ ತುಂಡಿನ ಮೇಲೆ ಮೇಜಿನ ಮುಂಭಾಗವನ್ನು ನಿಜ ಅಳತೆಯಲ್ಲೇ ಪೆನ್ಸಿಲಿನಲ್ಲಿ ಬರೆದುಕೊಂಡು, ಸ್ಲೈಡಿಂಗ್ ಬೆವೆಲ್ಲನ್ನು (ಬೇಕಾದ ಓರೆಗೆ ಬಿಗಿಮಾಡಿ ಗುರುತು ಹಾಕುವ ಉಪಕರಣ) ಆ ಗೆರೆಗೇ ಇಟ್ಟು ಬಿಗಿಮಾಡಿ, ಎಲ್ಲ ತುಂಡುಗಳಿಗೂ ಅದರಿಂದಲೇ ಗುರುತು ಹಾಕಿ.

ಹಳೆಯ ಕಾಲುಗಳು ತಲೆಯಿಂದಲೇ ಸಪೂರವಾಗಿರುವುದರಿಂದ ಪಟ್ಟಿ ಕೂರಲು ಅಲ್ಲಿ ನೇರ ಮೈ ಇಲ್ಲ. ಹೊಸ ಕಾಲುಗಳಲ್ಲಿ ಮೇಲಿನ 110 ಮಿ.ಮೀ. ಭಾಗವನ್ನು 50 ಮಿ.ಮೀ. ಚೌಕವಾಗಿಯೇ ಬಿಟ್ಟು, ಅದರ ಕೆಳಗೆ ಒಳಗಿನ ಎರಡು ಮೈಗಳನ್ನು ಮಾತ್ರ ಇಳಿಸುತ್ತ ಬನ್ನಿ. ಹಳೆಯವು ಸ್ಟೂಲಿಗಾಗಲಿ, ಸೀಳಿದ್ದು ಒಲೆಗಾಗಲಿ.

ಸೀಳಿನ ಕಾರಣ ಉಂಗುರಗಳ ನಡುಬಿಂದುವಿನಲ್ಲಿದೆ. ಮರ ಒಣಗುವಾಗ ಉಂಗುರದ ಸುತ್ತಿನ ದಿಕ್ಕಿನಲ್ಲಿ ಹೆಚ್ಚು, ನಡುವಿನಿಂದ ಹೊರಕ್ಕೆ ಹೋಗುವ ದಿಕ್ಕಿನಲ್ಲಿ ಕಡಿಮೆ ಕುಗ್ಗುತ್ತದೆ. ತಿರುಳನ್ನು, ಎಂದರೆ ಆ ನಡುಬಿಂದುವನ್ನು, ಒಳಗಿಟ್ಟುಕೊಂಡ ತುಂಡಿಗೆ ಈ ವ್ಯತ್ಯಾಸದಿಂದ ಪಾರಾಗುವ ದಾರಿ ಸೀಳುವುದೊಂದೇ. ಬೋಲ್ಟಿನ ತೂತು ಅದು ಎಲ್ಲಿ ಆರಂಭವಾಗಬೇಕೆಂದು ತೋರಿಸಿಕೊಟ್ಟಿತು, ಅಷ್ಟೇ. ಅಂಟು ತುಂಬಿ ಕ್ಲಾಂಪ್ ಹಾಕಿದರೂ ಮುಂದಿನ ಬೇಸಿಗೆಗೆ ಪಕ್ಕದಲ್ಲಿ ಮತ್ತೊಂದು ಸೀಳು ಬರುತ್ತದೆ.

ಉತ್ತರ: ಮೆಣಸಿನಬಳ್ಳಿ, ಸಕಲೇಶಪುರ

ಮೇಲಿನ ವಿವರಣೆಗೆ ಮರದ ಬಗ್ಗೆ ಕೆಲವು ಮಾತು ಸೇರಿಸುತ್ತೇನೆ. ಸಿಲ್ವರ್ ಎಂದರೆ ನೆರಳಿಗೆ, ಮೆಣಸಿನ ಬಳ್ಳಿಗೆ, ಪ್ಯಾಕಿಂಗ್ ಪೆಟ್ಟಿಗೆಗೆ ಎಂದು ನಮ್ಮ ಕಡೆ ತಾತ್ಸಾರವಿದೆ, ಅದು ಪೂರ್ತಿ ನ್ಯಾಯವಲ್ಲ. ಆಸ್ಟ್ರೇಲಿಯಾದಿಂದ ಬಂದ ಈ ಮರವನ್ನು ಸರಿಯಾದ ಮೈಗೆ ಸೀಳಿಸಿದರೆ ಜಾಲರಿಯಂತೆ ಮಿನುಗುವ ಚುಕ್ಕೆಗಳು ಕಾಣಿಸುತ್ತವೆ. ತೇಗಕ್ಕೆ ಆ ಸೊಬಗಿಲ್ಲ. ಸಿಲ್ವರ್‌ನ ದೋಷಗಳು ಎರಡು: ಒಣಗುವಾಗ ತಿರುಚಿಕೊಳ್ಳುತ್ತದೆ, ಮತ್ತು ಹೊರಭಾಗದ ಬಿಳಿಯ ಮರಕ್ಕೆ ಕುಟ್ಟೆ ಬೇಗ ಹಿಡಿಯುತ್ತದೆ. ಮೇಜಿನ ಕೆಳಗೆ ಗೋಧಿಹಿಟ್ಟಿನಷ್ಟು ನಯವಾದ ಪುಡಿ, ಕಾಲಿನ ಮೇಲೆ ಗುಂಡುಸೂಜಿಯ ತಲೆಯಷ್ಟು ತೂತು ಕಂಡರೆ ಅದೇ. ಸೀಳಿಸಿದ ಕೂಡಲೇ ಬೊರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ನೆನೆಸಿದರೆ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಉಜ್ಜುವಾಗ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ. ಇದರ ಪುಡಿ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ.

ಒರಗಿಸಿಟ್ಟು ಒಣಗಿಸುವುದು ನಮ್ಮ ಊರುಗಳಲ್ಲಿ ನಡೆಯುವುದಿಲ್ಲ. ನೆಲದಿಂದ ಒಂದಡಿ ಎತ್ತರದಲ್ಲಿ, ಸಾಲಿನಿಂದ ಸಾಲಿಗೆ ರೀಪರ್ ತುಂಡು ಕೊಟ್ಟು, ಗಾಳಿ ಆಡುವಂತೆ ಅಡ್ಡಡ್ಡ ಜೋಡಿಸಿ, ಮೇಲೆ ಭಾರ ಹೇರಿ, ತುದಿಗಳಿಗೆ ಬಣ್ಣ ಅಥವಾ ಮೇಣ ಬಳಿಯಬೇಕು. ಒಂದಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಹಳೆಯ ಲೆಕ್ಕ. ತೇವ ಅಳೆಯುವ ಮೀಟರ್ ಇಲ್ಲದಿದ್ದರೆ ಒಂದು ತುಂಡನ್ನು ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ತೂಕ ಇಳಿಯುವುದು ನಿಂತಾಗ ಮರ ಸುತ್ತಲಿನ ಗಾಳಿಗೆ ಹೊಂದಿಕೊಂಡಿದೆ ಎಂದು ತಿಳಿಯಬಹುದು. ಆದರೆ ಆಷಾಢದಲ್ಲಿ ಹೊಂದಿಕೊಂಡ ಮರ ಮಾರ್ಚಿಗೆ ಮತ್ತೆ ಕುಗ್ಗುತ್ತದೆ. ಮಲೆನಾಡಿನ ಮಳೆಗಾಲದ ಗಾಳಿಯಲ್ಲಿ ಮರದ ತೇವ ಶೇ. 18ರ ಆಸುಪಾಸಿಗೆ ಏರಬಹುದು, ಒಣ ಬೇಸಿಗೆಯಲ್ಲಿ ಶೇ. 10ರ ಬಳಿಗೆ ಇಳಿಯಬಹುದು. ಆದ್ದರಿಂದ ಸಂದುಗಳನ್ನು ಒಣ ದಿನಗಳಲ್ಲೇ ಕೂಡಿಸುವುದು ಮೇಲು.

ತೋಟದ ತೇಗವನ್ನೋ ಬೀಟೆಯನ್ನೋ ಕಡಿಯುವ ಯೋಚನೆಯಿದ್ದರೆ ಅರಣ್ಯ ಇಲಾಖೆಯ ಅನುಮತಿ ಮೊದಲು. ಮೇಜಿನ ನಾಲ್ಕು ಕಾಲಿಗೆ ಆ ಓಡಾಟ ಬೇಕಿಲ್ಲ. ಹಲಸಿನ ಕೆಚ್ಚು ಸಿಕ್ಕರೆ ಅದರಲ್ಲಿ ಮಾಡಿ, ಸಿಗದಿದ್ದರೆ ಚೆನ್ನಾಗಿ ಒಣಗಿದ ಸಿಲ್ವರ್ ಸಾಕು.

ತೋಟದಮನೆ, ಚಿಕ್ಕಮಗಳೂರು

ಇಬ್ಬರಿಗೂ ಕೃತಜ್ಞತೆಗಳು. ಅಟ್ಟದ ಮೇಲೆ ಬಹಳ ವರ್ಷಗಳಿಂದ ಇದ್ದ ಹಲಸಿನ ತುಂಡುಗಳು ಸಿಕ್ಕಿವೆ, ತುದಿಯಲ್ಲಿ ತಿರುಳಿಲ್ಲ. ಒಂದು ಸಂದೇಹ: ಮುಂದುಗಡೆ 90 ಮಿ.ಮೀ. ಪಟ್ಟಿ ಬಂದರೆ ತೊಡೆ ತಾಗುವುದಿಲ್ಲವೇ? ಮೇಜಿನ ಒಟ್ಟು ಎತ್ತರ 745 ಮಿ.ಮೀ. ಇದೆ.

ಉತ್ತರ: ಉಳಿ–ಕೊಡತಿ, ಹಾಸನ

745ರಲ್ಲಿ ಹಲಗೆಯ 25 ಮತ್ತು ಪಟ್ಟಿಯ 90 ಕಳೆದರೆ 630 ಉಳಿಯುತ್ತದೆ. ಕುರ್ಚಿಯ ಆಸನ 450 ಇದ್ದರೆ ತೊಡೆಗೆ 180 ಮಿ.ಮೀ. ಜಾಗವಿದೆ, ಹೆಚ್ಚಿನವರಿಗೆ ಸಾಕು. ಕೈಯಿರುವ ಕುರ್ಚಿಯಾದರೆ ಅದರ ಕೈ ಪಟ್ಟಿಗೆ ತಾಗುತ್ತದೆಯೇ ಎಂದು ಮಾತ್ರ ಅಳೆದು ನೋಡಿ. ತಾಗುವುದಾದರೆ ಮುಂದಿನ ಪಟ್ಟಿಯನ್ನು ಕೆಳಗಿನ ಅಂಚಿನಲ್ಲಿ ನಡುವೆ 60 ಮಿ.ಮೀ.ಗೆ ಕಮಾನಿನಂತೆ ಕೆತ್ತಿ, ಕಾಲುಗಳನ್ನು ಸೇರುವಲ್ಲಿ 90 ಮಿ.ಮೀ.ಯನ್ನೇ ಉಳಿಸಿ. ಬಲ ಬೇಕಾಗಿರುವುದು ಅಲ್ಲಿ.

ಹಲಗೆಯನ್ನು ಪಟ್ಟಿಗೆ ಸ್ಕ್ರೂ ಮಾಡುವಾಗ, ಪ್ಲೈವುಡ್ ಆದ್ದರಿಂದ ನೇರವಾಗಿ ಬಿಗಿದರೂ ತೊಂದರೆಯಿಲ್ಲ. ಮುಂದೆ ಇದೇ ಚೌಕಟ್ಟಿನ ಮೇಲೆ ತೇಗದ ಅಥವಾ ಹಲಸಿನ ಹಲಗೆ ಕೂರಿಸುವ ಆಸೆಯಿದ್ದರೆ, ಅಡ್ಡ ಪಟ್ಟಿಗಳಲ್ಲಿ ಸ್ಕ್ರೂ ತೂತುಗಳನ್ನು ಈಗಲೇ ಅಗಲದ ದಿಕ್ಕಿಗೆ ಉದ್ದುದ್ದ ಮಾಡಿಡಿ, 600 ಮಿ.ಮೀ. ಅಗಲದ ತೇಗದ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ 6–7 ಮಿ.ಮೀ. ಹಿಗ್ಗಿ ಕುಗ್ಗಬಲ್ಲದು.

ತೋಟದಮನೆ, ಚಿಕ್ಕಮಗಳೂರು

ಚೌಕಟ್ಟು ಮುಗಿಯಿತು, ಮೇಲೆ ಕೈಯೂರಿ ತಳ್ಳಿದರೂ ಓಲಾಟವಿಲ್ಲ. ಆದರೆ ಈಗ ಒಂದು ಕಾಲು ನೆಲದಿಂದ 3 ಮಿ.ಮೀ.ಯಷ್ಟು ಎತ್ತಿ ನಿಂತು ಮೇಜು ಕುಂಟುತ್ತಿದೆ. ಇಲ್ಲಿ ಮಳೆಯೂ ಹಿಡಿದಿದೆ. ಪಾಲಿಶ್ ಈಗಲೇ ಮಾಡಬಹುದೇ?

ಉತ್ತರ: ಉಳಿ–ಕೊಡತಿ, ಹಾಸನ

ಕತ್ತರಿಸುವ ಮುನ್ನ ಮೇಜನ್ನು ಸಮತಟ್ಟಾದ ಹಲಗೆಯ ಮೇಲೆ ನಿಲ್ಲಿಸಿ ನೋಡಿ. ಅಲ್ಲಿ ಕುಂಟದಿದ್ದರೆ ದೋಷ ನೆಲದ್ದು, ಅಲ್ಲೂ ಕುಂಟಿದರೆ ಮೇಜಿನದು. ಮೇಜಿನದಾದರೆ ಅದೇ ಹಲಗೆಯ ಮೇಲೆ, ಎದ್ದ ಕಾಲಿನ ಕೆಳಗೆ ತೆಳು ಬೆಣೆ ಕೊಟ್ಟು ಅಲುಗದಂತೆ ಮಾಡಿ, 5 ಮಿ.ಮೀ. ದಪ್ಪದ ಮರದ ತುಂಡಿನ ಮೇಲೆ ಪೆನ್ಸಿಲನ್ನು ಮಲಗಿಸಿ ನಾಲ್ಕೂ ಕಾಲುಗಳ ಸುತ್ತ ಗೆರೆ ಎಳೆಯಿರಿ. ಆ ಗೆರೆಗೆ ಸಣ್ಣ ಹಲ್ಲಿನ ಗರಗಸದಿಂದ ಕತ್ತರಿಸಿದರೆ ಪಾದದ ಓರೆಯೂ ತಾನಾಗಿಯೇ ಸರಿಯಾಗುತ್ತದೆ. ಪಾದದ ಅಂಚುಗಳನ್ನು ಸ್ವಲ್ಪ ಮುರಿದುಬಿಡಿ, ಎಳೆಯುವಾಗ ಚಕ್ಕೆ ಏಳುವುದಿಲ್ಲ.

ಮಳೆಯಲ್ಲಿ ಲ್ಯಾಕರ್ ಹೊಡೆಯಬೇಡಿ; ಗಾಳಿಯ ತೇವ ಸಿಕ್ಕಿಕೊಂಡು ಮೈಯೆಲ್ಲ ಬೆಳ್ಳಗೆ ಮಂಜು ಕಟ್ಟುತ್ತದೆ. ಸದ್ಯಕ್ಕೆ ಕಾಯಿಸಿದ ಅಗಸೆ ಎಣ್ಣೆಯನ್ನು (ಅಂಗಡಿಯ ಬಾಯಿಲ್ಡ್ ಲಿನ್‌ಸೀಡ್ ಆಯಿಲ್) ತೆಳ್ಳಗೆ ಒರೆಸಿ, ಪಾದದ ತುದಿಗಳಿಗೆ ಮಾತ್ರ ಕುಡಿಯುವುದು ನಿಲ್ಲುವವರೆಗೆ ಕೊಡಿ, ಏಕೆಂದರೆ ನೆಲ ಒರೆಸಿದ ನೀರನ್ನು ಮರ ಅಲ್ಲಿಂದಲೇ ಹೀರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು, ಅದು ತಾನಾಗಿಯೇ ಕಾದು ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಅಂಗಳದಲ್ಲಿ ಬಿಡಿಸಿ ಒಣಹಾಕಿ.